ಅಜ್ಜಿಯನ್ನು ಕೂರಿಸಿದ್ದು ನಾವೇ

ನಮ್ಮ ಅಜ್ಜಿಗೆ 78 ಆಗಿದ್ದಾಗ ಮನೆ ಬಾಗಿಲಿಗೆ ನಲ್ಲಿ ಬಂತು. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಬೋರ್‌ವೆಲ್‌ನಿಂದ ಸಣ್ಣ ಕೊಡದಲ್ಲಿ ನೀರು ತರುವುದು, ಕೊಟ್ಟಿಗೆ ಗುಡಿಸುವುದು, ಅಂಗಳಕ್ಕೆ ಸಗಣಿ ನೀರು ಹಾಕುವುದು ಅವಳ ಕೆಲಸ. ಆ ಮಳೆಗಾಲದಲ್ಲಿ ಜ್ವರ ಬಂದು ಎಂಟು ದಿನ ಮಲಗಿದಳು. ಜ್ವರ ಬಿಟ್ಟಿತು, ನಾವು ಬಿಡಲಿಲ್ಲ. "ಸಾಕು ಕಣಜ್ಜಿ, ಇಷ್ಟು ವರ್ಷ ದುಡಿದಿದ್ದೀಯ. ಸುಮ್ನೆ ಕೂತ್ಕೋ, ನಾವಿದೀವಲ್ಲ" ಅಂದೆವು. ಮಂಚದ ಹತ್ತಿರಕ್ಕೇ ತಟ್ಟೆ ಬಂತು, ಬಿಸಿನೀರೂ ಬಂತು. ಸಂಕ್ರಾಂತಿ ಹೊತ್ತಿಗೆ ಯಾರಾದರೂ ಹಿಡಿದು ಎತ್ತದೆ ಅವಳಿಗೆ ಏಳಲು ಆಗುತ್ತಿರಲಿಲ್ಲ.

"ವಯಸ್ಸಾಯ್ತಲ್ಲ" ಅಂದರು ಊರವರು. ನಾವೂ ಹಾಗೇ ಅಂದುಕೊಂಡೆವು.

ಆದರೆ ಅಜ್ಜಿಯ ಕಾಲಿನ ಶಕ್ತಿ ಕಸಿದದ್ದು ವಯಸ್ಸೋ, ನಾವು ಕೂರಿಸಿದ್ದೋ? ಇದೇ ಪ್ರಶ್ನೆಗೆ ಉತ್ತರ ಹುಡುಕಲು ವೈದ್ಯಲೋಕಕ್ಕೆ ಸುಮಾರು ಐವತ್ತು ವರ್ಷ ಹಿಡಿಯಿತು. ಆ ಕತೆ ಹಳ್ಳಿಯ ಪ್ರತಿ ಮನೆಗೂ ಗೊತ್ತಿರಬೇಕು.

ವಿಶ್ರಾಂತಿಯೇ ಔಷಧ ಅಂದ ಕಾಲ

ಮುದುಕರು ಮೈ ದಣಿಸಬಾರದು ಎಂಬ ಮಾತು ಇವತ್ತಿನದಲ್ಲ. ಆಯುರ್ವೇದದ ಪ್ರಸಿದ್ಧ ಗ್ರಂಥ ವಾಗ್ಭಟನ ಅಷ್ಟಾಂಗಹೃದಯ ವ್ಯಾಯಾಮದಿಂದ ಮೈ ಹಗುರಾಗುತ್ತದೆ, ಕೆಲಸ ಮಾಡುವ ಶಕ್ತಿ ಬರುತ್ತದೆ ಎಂದು ಹೊಗಳುತ್ತದೆ. ಆದರೆ ಮಕ್ಕಳು, ಮುದುಕರು, ಅಜೀರ್ಣ ಇರುವವರು ಅದನ್ನು ಬಿಡಬೇಕು ಎಂದೂ ಹೇಳುತ್ತದೆ.

ಇಂಗ್ಲಿಷ್ ವೈದ್ಯವೂ ಹಿಂದೆ ಬೀಳಲಿಲ್ಲ. 1940ರ ದಶಕದಲ್ಲಿ ಹೃದಯಾಘಾತ ಆದವರನ್ನು ವಾರಗಟ್ಟಲೆ ಹಾಸಿಗೆಯಲ್ಲೇ ಮಲಗಿಸುತ್ತಿದ್ದರು. ಇದಕ್ಕೆ ಎದುರು ಮಾತಾಡಿದವರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಆಷರ್ ಒಬ್ಬರು. ಹಾಸಿಗೆ ಹಿಡಿದರೆ ಏನೇನು ಅಪಾಯ ಎಂದು ಅವರು 1947ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ರಕ್ತ ಹೆಪ್ಪುಗಟ್ಟುವುದು, ಬೆನ್ನು ಹುಣ್ಣಾಗುವುದು, ಮಾಂಸಖಂಡ ಕರಗುವುದು, ಮೂಳೆ ಸವೆಯುವುದು, ಕೊನೆಗೆ ಮನಸ್ಸೂ ಸೋಲುವುದು, ಹೀಗೆ ಒಂದೊಂದಾಗಿ ಎಣಿಸಿದರು. ಕೆಲವೇ ವರ್ಷಗಳಲ್ಲಿ ಅಮೆರಿಕದ ಸ್ಯಾಮುಯೆಲ್ ಲೆವಿನ್ ಎಂಬ ವೈದ್ಯರು ಹೃದಯಾಘಾತದ ರೋಗಿಗಳನ್ನು ಹಾಸಿಗೆ ಬಿಡಿಸಿ ಕುರ್ಚಿಯಲ್ಲಿ ಕೂರಿಸಲು ಶುರು ಮಾಡಿದರು. ಆ ಕಾಲಕ್ಕೆ ಅದೇ ದೊಡ್ಡ ಧೈರ್ಯ.

ಡ್ರೈವರ್ ಮತ್ತು ಕಂಡಕ್ಟರ್

ಅದೇ ಹೊತ್ತಿಗೆ ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಬೇರೆಯೇ ದಾರಿ ಹಿಡಿದರು. ಅಲ್ಲಿಯ ಡಬಲ್ ಡೆಕ್ಕರ್ ಬಸ್ಸಿನಲ್ಲಿ ಇಬ್ಬರು ನೌಕರರು. ಕಂಪನಿ ಒಂದೇ, ಸಂಬಳದಲ್ಲೂ ಮನೆಯ ಸ್ಥಿತಿಯಲ್ಲೂ ಹೆಚ್ಚು ವ್ಯತ್ಯಾಸವಿಲ್ಲ. ಡ್ರೈವರ್ ಪಾಳಿಯ ಬಹುಪಾಲು ಕೂತಿರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡಲು ಮೇಲೆ ಕೆಳಗೆ ಓಡಾಡುತ್ತಾ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. 35ರಿಂದ 64 ವರ್ಷದ ಸುಮಾರು 31,000 ಸಾರಿಗೆ ನೌಕರರ ಕಾಯಿಲೆಯ ಲೆಕ್ಕವನ್ನು ಮಾರಿಸ್ ಮತ್ತು ಜೊತೆಗಾರರು ನೋಡಿದರು.

1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ. ಬಂದರೂ ತಡವಾಗಿ ಬರುತ್ತದೆ, ಜೀವ ತೆಗೆಯುವುದೂ ಕಡಿಮೆ. ನಡೆದು, ಸೈಕಲ್ ತುಳಿದು ಕಾಗದ ಹಂಚುವ ಪೋಸ್ಟ್‌ಮ್ಯಾನ್‌ಗಳನ್ನು ಕಚೇರಿಯಲ್ಲಿ ಕೂತು ಬರೆಯುವ ಗುಮಾಸ್ತರ ಜೊತೆ ಹೋಲಿಸಿದಾಗಲೂ ಅದೇ ಚಿತ್ರ.

ನಂಬದವರು ಇದ್ದರು. ದಪ್ಪಗಿರುವವರೇ ಡ್ರೈವರ್ ಕೆಲಸಕ್ಕೆ ಸೇರುತ್ತಾರೋ ಏನೋ ಎಂಬುದು ಅವರ ತಕರಾರು. ಮಾರಿಸ್ ಸುಮ್ಮನಾಗಲಿಲ್ಲ. ಕಂಪನಿ ಹೊಲಿಸಿಕೊಡುವ ಯೂನಿಫಾರ್ಮಿನ ಅಳತೆಗಳನ್ನೇ ತೆಗೆದು ಪ್ಯಾಂಟಿನ ಸೊಂಟದ ಸುತ್ತಳತೆ ಹೋಲಿಸಿದರು. ಡ್ರೈವರುಗಳ ಸೊಂಟ ದಪ್ಪ ಇದ್ದದ್ದು ನಿಜ. ಆದರೆ ಒಂದೇ ಅಳತೆಯ ಸೊಂಟ ಇರುವವರನ್ನು ಹೋಲಿಸಿದರೂ ಕಂಡಕ್ಟರುಗಳಿಗೇ ಕಾಯಿಲೆ ಕಡಿಮೆ ಇತ್ತು. ಮಾರಿಸ್ ತಾವು ಬರೆದಂತೆಯೇ ಬದುಕಿದರು. ತೊಂಬತ್ತು ದಾಟಿದ ಮೇಲೂ ಕೆಲಸಕ್ಕೆ ಹೋಗುತ್ತಿದ್ದರು. 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ಮೂರು ವಾರ, ಮೂವತ್ತು ವರ್ಷ

ಓಡಾಡಿದರೆ ಒಳ್ಳೆಯದು ಎಂದಾಯಿತು. ಮಲಗಿದರೆ ಎಷ್ಟು ಕೆಟ್ಟದ್ದು? 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐವರು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದರು. ಎದ್ದಾಗ ಅವರ ಹೃದಯದ ಸಾಮರ್ಥ್ಯ ತುಂಬಾ ಕುಸಿದಿತ್ತು. ಆಮೇಲೆ ತರಬೇತಿ ಕೊಟ್ಟು ಸರಿಮಾಡಿದರು.

ಮೂವತ್ತು ವರ್ಷ ಬಿಟ್ಟು ಅದೇ ಐವರನ್ನು ಮತ್ತೆ ಪರೀಕ್ಷೆ ಮಾಡಿದರು. ಆಗ ಅವರಿಗೆ ಐವತ್ತು. ಮೂವತ್ತು ವರ್ಷದ ವಯಸ್ಸು ಅವರ ದುಡಿಯುವ ಸಾಮರ್ಥ್ಯವನ್ನು ಎಷ್ಟು ತಗ್ಗಿಸಿತ್ತೋ, ಅದಕ್ಕಿಂತ ಹೆಚ್ಚು ತಗ್ಗಿಸಿದ್ದು ಅಂದಿನ ಮೂರು ವಾರದ ಹಾಸಿಗೆ! ಇದನ್ನು ಓದಿದ ದಿನ ನನಗೆ ಅಜ್ಜಿಯ ಮಂಚ ನೆನಪಾಯಿತು. ಇಪ್ಪತ್ತರ ಹುಡುಗರ ಗತಿ ಇದಾದರೆ, 78ರ ಅಜ್ಜಿಯನ್ನು ನಾವು ತಿಂಗಳುಗಟ್ಟಲೆ ಮಲಗಿಸಿದ್ದೆವು.

ತೊಂಬತ್ತರಲ್ಲಿ ಭಾರ ಎತ್ತಿದವರು

ಹೋದ ಶಕ್ತಿ ಮುಪ್ಪಿನಲ್ಲಿ ಮರಳಿ ಬರುತ್ತದೆಯೇ? ಇದಕ್ಕೆ ಉತ್ತರ ಸಿಕ್ಕಿದ್ದು ಬೋಸ್ಟನ್ ನಗರದಲ್ಲಿ. ಮರಿಯಾ ಫಿಯಾಟರೋನ್ ಎಂಬ ವೈದ್ಯೆ ವೃದ್ಧರ ಆರೈಕೆ ಕೇಂದ್ರದ ಹತ್ತು ಮಂದಿಯನ್ನು ಆರಿಸಿಕೊಂಡರು. ಅವರ ಸರಾಸರಿ ವಯಸ್ಸು 90. ಎಂಟು ವಾರ, ವಾರಕ್ಕೆ ಮೂರು ಸಲ, ಪಕ್ಕದಲ್ಲಿ ನಿಂತು ನೋಡಿಕೊಳ್ಳುತ್ತಾ ಕಾಲಿನಿಂದ ಭಾರ ಎತ್ತಿ ಇಳಿಸುವ ವ್ಯಾಯಾಮ ಮಾಡಿಸಿದರು.

1990ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ ಅನೇಕರು ಬೆರಗಾದರು. ಪೂರ್ತಿ ಮಾಡಿದವರ ಕಾಲಿನ ಶಕ್ತಿ ಸರಾಸರಿ 174 ಪ್ರತಿಶತ ಏರಿತ್ತು, ಅಂದರೆ ಎರಡೂವರೆ ಪಟ್ಟಿಗೂ ಮೇಲಾಗಿತ್ತು. ಇಬ್ಬರು ಊರುಗೋಲು ಬಿಟ್ಟು ನಡೆದರು. ಕೈ ಊರದೆ ಕುರ್ಚಿಯಿಂದ ಏಳಲಾಗದಿದ್ದ ಒಬ್ಬರು ತಾವಾಗಿಯೇ ಎದ್ದರು. ಆದರೆ ವ್ಯಾಯಾಮ ನಿಲ್ಲಿಸಿದ ನಾಲ್ಕೇ ವಾರದಲ್ಲಿ ಬಂದ ಶಕ್ತಿ ಮತ್ತೆ ಇಳಿಯತೊಡಗಿತು.

ಇದು ಹತ್ತೇ ಜನರ ಮಾತು. 2014ರಲ್ಲಿ ಅಮೆರಿಕದ ಎಂಟು ಕಡೆ 70ರಿಂದ 89 ವರ್ಷದ 1,635 ಜನರ ಮೇಲೆ ನಡೆದ ದೊಡ್ಡ ಅಧ್ಯಯನ ಹೊರಬಂತು. ಅರ್ಧ ಜನಕ್ಕೆ ನಡಿಗೆ ಮತ್ತು ಕಾಲು ಗಟ್ಟಿಯಾಗುವ ವ್ಯಾಯಾಮ, ಉಳಿದವರಿಗೆ ಬರೀ ಆರೋಗ್ಯದ ಪಾಠ. ಸರಾಸರಿ 2.6 ವರ್ಷ ನೋಡಿದಾಗ 400 ಮೀಟರ್ ನಡೆಯುವ ಶಕ್ತಿ ಕಳೆದುಕೊಂಡವರು ಪಾಠ ಕೇಳಿದವರಲ್ಲಿ 35.5 ಪ್ರತಿಶತ, ವ್ಯಾಯಾಮ ಮಾಡಿದವರಲ್ಲಿ 30.1 ಪ್ರತಿಶತ. ಪವಾಡವೇನಲ್ಲ. ಆದರೆ ನೂರು ಮುದುಕರ ಊರಿನಲ್ಲಿ ಐವರು ಇನ್ನೊಬ್ಬರ ಕೈ ಹಿಡಿಯದೆ ಅಂಗಡಿಗೆ, ಗುಡಿಗೆ ಹೋಗಿಬಂದರೆ ಅದು ಸಣ್ಣ ಮಾತೂ ಅಲ್ಲ.

ನಮ್ಮ ಮನೆಗಳಲ್ಲಿ

"ಜೀವನಪೂರ್ತಿ ಹೊಲದಲ್ಲಿ ದುಡಿದಿದ್ದೀವಿ, ನಮಗ್ಯಾಕೆ ವ್ಯಾಯಾಮ?" ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಮಾತು. ಆದರೆ ಬೋಸ್ಟನ್‌ನ ಕತೆ ಹೇಳುವುದೂ ಅದನ್ನೇ. ದುಡಿದ ಶಕ್ತಿಯನ್ನು ಮೈ ಕೂಡಿಟ್ಟುಕೊಳ್ಳುವುದಿಲ್ಲ. ಹಾಗಂತ ಎಪ್ಪತ್ತರವರ ತಲೆಮೇಲೆ ಸೌದೆ ಹೊರೆ ಹೊರಿಸಿ ಎಂದಲ್ಲ. ಹೊಟ್ಟೆಪಾಡಿಗೆ ಬಿಸಿಲಲ್ಲಿ ಕೂಲಿ ಮಾಡುವ ಮುದುಕರಿಗೆ ಬೇಕಿರುವುದು ಪಿಂಚಣಿ ಮತ್ತು ನೆರಳು.

65 ದಾಟಿದವರೂ ವಾರಕ್ಕೆ 150ರಿಂದ 300 ನಿಮಿಷ ಬಿರುಸಾಗಿ ನಡೆಯುವಂಥ ಚಟುವಟಿಕೆ ಮಾಡಬೇಕು, ವಾರದಲ್ಲಿ ಮೂರು ದಿನವಾದರೂ ಶಕ್ತಿ ಮತ್ತು ಸಮತೋಲನದ ವ್ಯಾಯಾಮ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ. ಅಷ್ಟು ಆಗದವರು ಆದಷ್ಟು ಮಾಡಲಿ. ಗೋಡೆ ಪಕ್ಕ ಕುರ್ಚಿ ಹಾಕಿ ಐದು ಸಲ ಎದ್ದು ಕೂರುವುದೂ ಒಂದು ಶುರು. ಎದೆನೋವು, ತಲೆಸುತ್ತು, ಏದುಸಿರು ಇರುವವರು ಮಾತ್ರ ಮೊದಲು ಡಾಕ್ಟರನ್ನು ಕೇಳಬೇಕು.

ಅಜ್ಜಿ ಮತ್ತೆ ಅಂಗಳಕ್ಕೆ ಇಳಿಯಲಿಲ್ಲ. ಎರಡು ವರ್ಷ ಮಂಚದಲ್ಲೇ ಇದ್ದು ಹೋದಳು. ನಾವು ಅವಳಿಗೆ ಪ್ರೀತಿಯಿಂದಲೇ ಹಾಗೆ ಮಾಡಿದ್ದು, ಅದೇ ಇನ್ನೂ ಚುಚ್ಚುತ್ತದೆ.

ಈಗ ಅಪ್ಪನಿಗೆ 69. ದಿನಾ ಎರಡು ಹೊತ್ತು ಕ್ಯಾನ್ ಹಿಡಿದು ಡೈರಿಗೆ ನಡೆದೇ ಹೋಗುತ್ತಾರೆ. ಹೋದ ತಿಂಗಳು ತಮ್ಮ, "ಇನ್ಮೇಲೆ ಹಾಲು ನಾನೇ ಬೈಕಲ್ಲಿ ಹಾಕಿ ಬರ್ತೀನಿ, ನೀವು ಕೂತ್ಕೊಳ್ಳಿ ಅಪ್ಪಾ" ಅಂದ. ನಾನು ಬೇಡ ಅಂದೆ. ಕ್ಯಾನ್ ಭಾರವಾದ ದಿನ ಅರ್ಧ ಹಾಲು ನೀನು ತಗೊಂಡು ಹೋಗು, ಅಪ್ಪನ ನಡಿಗೆ ಮಾತ್ರ ತಪ್ಪಿಸಬೇಡ ಅಂತ ಹೇಳಿದ್ದೇನೆ.