ಕಡತ ಉತ್ತರಕ್ಕೆ, ರೋಗಿ ದಕ್ಷಿಣಕ್ಕೆ

ಭಟ್ಕಳ, ಹೊನ್ನಾವರ, ಕುಮಟಾ ಕಡೆ ಯಾರದಾದರೂ ಕಾಯಿಲೆಯ ಸುದ್ದಿ ಬಂದರೆ ಸ್ವಲ್ಪ ಹೊತ್ತಿನಲ್ಲೇ ‘ಮಣಿಪಾಲಕ್ಕೆ ಬರೆದುಕೊಟ್ಟರಂತೆ’ ಎಂಬ ಮಾತು ಬರುತ್ತದೆ. ಬರೆದುಕೊಡುವುದೆಂದರೆ ಚೀಟಿ ಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸುವುದು. ಹೇಳುವವರ ದನಿಯಲ್ಲಿ ಆತಂಕವಿರುತ್ತದೆ, ಆಶ್ಚರ್ಯವಿರುವುದಿಲ್ಲ. ಸರ್ಕಾರಿ ಆಸ್ಪತ್ರೆಗಳ ತಪಾಸಣೆ ಹೇಗೆ ಬದಲಾಗುತ್ತ ಬಂತು ಎಂಬುದನ್ನು ಓದುತ್ತಿರುವ ನನಗೆ, ಈ ಮೂರು ಊರುಗಳ ಮಟ್ಟಿಗೆ ಆ ಚೀಟಿಗಿಂತ ದೊಡ್ಡ ದಾಖಲೆ ಇನ್ನೊಂದಿಲ್ಲ ಎನ್ನಿಸುತ್ತದೆ.

ಇದರ ಬೇರು ಹುಡುಕಲು 1862ಕ್ಕೆ ಹೋಗಬೇಕು. ಅಲ್ಲಿಯವರೆಗೆ ಕೆನರಾ ಕರಾವಳಿಯೆಲ್ಲ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರದ ಬಂದರಿನಿಂದ ಸಾಗಿಸಬೇಕೆಂಬ ಇಂಗ್ಲೆಂಡಿನ ವರ್ತಕರ ಒತ್ತಾಯವೂ ಸೇರಿ, ಆ ವರ್ಷ ಉತ್ತರ ಕೆನರಾವನ್ನು ಮುಂಬಯಿ ಪ್ರಾಂತ್ಯಕ್ಕೆ ಕೊಟ್ಟರು. ಕುಂದಾಪುರ ತಾಲ್ಲೂಕು ಮಾತ್ರ ಮದ್ರಾಸಿನಲ್ಲೇ ಉಳಿಯಿತು. ಹೀಗೆ ಭಟ್ಕಳಕ್ಕೂ ಶಿರೂರಿಗೂ ನಡುವೆ ಗಡಿ ಬಿತ್ತು. ಹತ್ತಿಯ ಲೆಕ್ಕದಲ್ಲಿ ಎಳೆದ ಗೆರೆ ಅದು. ಜನ ಮದ್ದಿಗೆ ಎಲ್ಲಿಗೆ ಹೋಗುತ್ತಾರೆಂಬ ಪ್ರಶ್ನೆ ಆಗ ಯಾರ ತಲೆಯಲ್ಲೂ ಇರಲಿಕ್ಕಿಲ್ಲ.

ಮುಂಬಯಿ ಸರ್ಕಾರದ ಕೆನರಾ ಗೆಜೆಟಿಯರ್ 1883ರಲ್ಲಿ ಬಂತು. ಆ ಮಾಲೆಯ ಸಂಪುಟಗಳಲ್ಲಿ ಆರೋಗ್ಯದ ಅಧ್ಯಾಯವನ್ನು ಬರೆಯುವ ಕ್ರಮ ಒಂದೇ: ದವಾಖಾನೆಗೆ ಬಂದ ಹೊರರೋಗಿಗಳೆಷ್ಟು, ಒಳರೋಗಿಗಳೆಷ್ಟು, ಖರ್ಚೆಷ್ಟು, ಮೈಲಿಬೇನೆಯ ಚುಚ್ಚುಮದ್ದು ಎಷ್ಟು ಮಂದಿಗೆ. ಬಂದವರು ಗುಣವಾಗಿ ಹೋದರೇ ಎಂಬುದಕ್ಕಿಂತ ಬಂದವರ ಸಂಖ್ಯೆಗೆ ಹೆಚ್ಚು ಬೆಲೆ. ಖಜಾನೆಗೆ ಬೇಕಾದದ್ದು ಅದೇ ಆಗಿತ್ತು.

1946ರ ಭೋರ್ ಸಮಿತಿಯ ವರದಿ ಬೇರೆ ಭಾಷೆಯಲ್ಲಿ ಮಾತಾಡಿತು. ಕೈಯಲ್ಲಿ ಹಣವಿಲ್ಲವೆಂದು ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದಿತು. ಮೊದಲ ಹಂತದಲ್ಲಿ 40,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅದರ ಮೇಲೆ ಇನ್ನೂ ದೊಡ್ಡದು, ಎಲ್ಲಕ್ಕೂ ಮೇಲೆ ಜಿಲ್ಲಾ ಕೇಂದ್ರದ ಆಸ್ಪತ್ರೆ ಎಂದು ಮೆಟ್ಟಿಲು ಕಟ್ಟಿತು. ಕೆಳಗೆ ಆಗದ್ದು ಮೇಲಕ್ಕೆ ಹೋಗಬೇಕು. ಆದರೆ ಉತ್ತರ ಕನ್ನಡದ ಜಿಲ್ಲಾ ಕೇಂದ್ರ ಕಾರವಾರ, ಕರಾವಳಿಯ ಉತ್ತರದ ತುದಿ. ಭಟ್ಕಳದಿಂದ ಸುಮಾರು 130 ಕಿ.ಮೀ. ಅದೇ ಭಟ್ಕಳದಿಂದ ಮಣಿಪಾಲ ಸುಮಾರು 90 ಕಿ.ಮೀ. ಅಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜು, 1961ರಲ್ಲಿ ಕಸ್ತೂರ್ಬಾ ಆಸ್ಪತ್ರೆ ಶುರುವಾದವು. ಕಾರವಾರಕ್ಕೆ ವೈದ್ಯಕೀಯ ಕಾಲೇಜು ಬರಲು 2016 ಆಗಬೇಕಾಯಿತು.

1956ರಲ್ಲಿ ಎರಡೂ ಕೆನರಾ ಒಂದೇ ರಾಜ್ಯಕ್ಕೆ ಬಂದರೂ ಹಳೆಯ ಗೆರೆ ಅಳಿಯಲಿಲ್ಲ. ಉತ್ತರ ಕನ್ನಡ ಬೆಳಗಾವಿ ವಿಭಾಗದಲ್ಲಿದೆ, ಉಡುಪಿ ಮತ್ತು ದಕ್ಷಿಣ ಕನ್ನಡ ಮೈಸೂರು ವಿಭಾಗದಲ್ಲಿವೆ. ಕುಮಟಾದ ಕಡತ ಕಾರವಾರಕ್ಕೂ ಬೆಳಗಾವಿಗೂ ಹೋಗುತ್ತದೆ. ಕುಮಟಾದ ರೋಗಿ ತೆಂಕು ದಾರಿ ಹಿಡಿಯುತ್ತಾನೆ.

ತಪಾಸಣೆ ಎಂದರೆ ಕರ್ನಾಟಕದವರಿಗೆ ಥಟ್ಟನೆ ನೆನಪಾಗುವುದು ನ್ಯಾಯಮೂರ್ತಿ ಎನ್. ವೆಂಕಟಾಚಲ. 2001ರಿಂದ 2006ರವರೆಗೆ ಲೋಕಾಯುಕ್ತರಾಗಿದ್ದ ಅವರು ಹೇಳದೆ ಕೇಳದೆ ಸರ್ಕಾರಿ ಆಸ್ಪತ್ರೆಗಳಿಗೆ ನುಗ್ಗುತ್ತಿದ್ದರು. ಆರೋಗ್ಯ ವಿಭಾಗದ ಜಾಗೃತಿ ನಿರ್ದೇಶಕರಾಗಿ ಡಾ. ಎಚ್. ಸುದರ್ಶನ್ ಜೊತೆಗಿದ್ದರು. ಲಂಚ, ಗೈರುಹಾಜರಿ ಬಯಲಿಗೆ ಬಂದವು. ಬಡ ರೋಗಿಗೆ ತನ್ನ ಪರವಾಗಿ ಕೇಳುವವರಿದ್ದಾರೆ ಎನ್ನಿಸಿತು. ಆದರೆ ಅಂಥ ಭೇಟಿ ಹಿಡಿಯುವುದು ಕೆಟ್ಟ ನಡತೆಯನ್ನು. ಒಳ್ಳೆಯ ವೈದ್ಯರೇ ಇದ್ದೂ ತಜ್ಞರಿಲ್ಲದ ಆಸ್ಪತ್ರೆಯಲ್ಲಿ ಹಿಡಿಯುವುದೇನನ್ನು?

ಆ ಕೊರತೆ ತುಂಬಲು ಬಂದದ್ದು 2013ರ ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡ. ಎಂಟು ವಿಭಾಗಗಳು, ಪ್ರತಿ ಪ್ರಶ್ನೆಗೆ ಸೊನ್ನೆ, ಒಂದು ಅಥವಾ ಎರಡು ಅಂಕ. ಪರಿಶೀಲಕರು ಕಣ್ಣಾರೆ ನೋಡಬೇಕು, ಸಿಬ್ಬಂದಿಯನ್ನು ಕೇಳಬೇಕು, ದಾಖಲೆ ಓದಬೇಕು, ರೋಗಿಯನ್ನು ಮಾತಾಡಿಸಬೇಕು. ರೋಗಿಯ ಮಾತಿಗೂ ಅಂಕ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಆದರೆ ಪರಿಶೀಲಕರಿಗೆ ಮಾತಿಗೆ ಸಿಗುವುದು ಅಂದು ಆಸ್ಪತ್ರೆಯಲ್ಲಿರುವ ರೋಗಿ. ಹಿಂದಿನ ರಾತ್ರಿ ಆ್ಯಂಬುಲೆನ್ಸ್ ಹತ್ತಿದವನು ಮಂಚದ ಮೇಲಿರುವುದಿಲ್ಲ.

ಮಾನದಂಡದ ಪುಸ್ತಕ ಅವನನ್ನು ಪೂರ್ತಿ ಮರೆತಿಲ್ಲ. ಕಳಿಸುವ ಮುಂಚೆ ದೊಡ್ಡಾಸ್ಪತ್ರೆಗೆ ತಿಳಿಸಿದಿರಾ, ವಾಹನ ಒದಗಿಸಿದಿರಾ, ಆಮೇಲೆ ಅವನೇನಾದ ಎಂದು ವಿಚಾರಿಸುವ ಕ್ರಮವಿದೆಯೇ ಎಂದು ಕೇಳುತ್ತದೆ. ನೂರಾರು ಪ್ರಶ್ನೆಗಳ ನಡುವೆ ಇವೂ ಕೆಲವು. ನೆಲದ ಸ್ವಚ್ಛತೆಗೂ ಎರಡಂಕ, ಇದಕ್ಕೂ ಎರಡಂಕ. ಮೇಲಾಗಿ ಕೊನೆಯ ಪ್ರಶ್ನೆಯ ಉತ್ತರವಿರುವುದು ಇನ್ನೊಂದು ಜಿಲ್ಲೆಯ, ಬಹಳ ಸಲ ಖಾಸಗಿ ಆಸ್ಪತ್ರೆಯ ಕಡತದಲ್ಲಿ.

ಹಾಗೆಂದು ಬರೆದುಕೊಡುವುದೇ ತಪ್ಪೆಂದಲ್ಲ. ತನ್ನಲ್ಲಿ ಆಗದ್ದನ್ನು ಬೇಗ ಒಪ್ಪಿ ಕಳಿಸುವ ವೈದ್ಯ ಜೀವ ಉಳಿಸುತ್ತಾನೆ. ಎಷ್ಟು ಜನರನ್ನು ಹೊರಗೆ ಕಳಿಸಿದಿರಿ ಎಂದು ಬರೀ ಲೆಕ್ಕ ಕೇಳಿದರೆ, ಆ ಲೆಕ್ಕ ಕಡಿಮೆ ತೋರಿಸಲು ಕಳಿಸಬೇಕಾದವರನ್ನೂ ಇಟ್ಟುಕೊಳ್ಳುವ ಅಪಾಯವಿದೆ. ಅದಕ್ಕೇ ಕೇಳಬೇಕಾದದ್ದು ಎಷ್ಟು ಎಂದಲ್ಲ. ಯಾವ ಕಾಯಿಲೆಗೆ, ಬಂದ ಎಷ್ಟು ಹೊತ್ತಿಗೆ, ಜೊತೆಗೆ ಯಾರಿದ್ದರು, ತಲುಪಿದಾಗ ಹೇಗಿದ್ದ ಎಂದು.

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆ್ಯಂಬುಲೆನ್ಸ್ ಮಳೆಯಲ್ಲಿ ಶಿರೂರು ಟೋಲ್‌ಗೇಟಿನ ಬಳಿ ಪಲ್ಟಿಯಾಗಿ ನಾಲ್ವರು ತೀರಿಕೊಂಡರು. ಹಳೆಯ ಗಡಿ ದಾಟಿದರೆ ಸಿಗುವ ಊರೇ ಶಿರೂರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆಮೇಲೆ ಜೋರಾಯಿತು. ಆ ಬೇಡಿಕೆ ನ್ಯಾಯವಾದದ್ದು.

ಹೊಸ ಕಟ್ಟಡಕ್ಕೆ ವರ್ಷಗಳು ಬೇಕು. ಅಷ್ಟರವರೆಗೆ ಆಗಬಹುದಾದದ್ದೂ ಇದೆ. ಮೂರು ತಾಲ್ಲೂಕು ಆಸ್ಪತ್ರೆಗಳ ರೆಫರಲ್ ಪುಸ್ತಕದಲ್ಲಿ ಪ್ರತಿ ಹೆಸರಿನ ಮುಂದೆ ‘ಆಮೇಲೆ ಏನಾಯಿತು’ ಎಂಬ ಕಾಲಂ ತುಂಬಬೇಕು. ಅದಕ್ಕಾಗಿ ಕಾರವಾರದ ಸಭೆಗೆ ಉಡುಪಿ ಕಡೆಯವರನ್ನೂ ಕರೆಯಬೇಕು. ಯಾವ ಊರಿಗೆ ಮೊದಲು ಯಾವ ತಜ್ಞರು ಬೇಕೆಂದು ಹೇಳುವುದು ಆ ಕಾಲಮ್ಮೇ.