ಒಂದು ಚಾರ್ಜಿಗೆ ಎಷ್ಟು ದೂರ?

2021ರ ಮಾರ್ಚ್ 1ರಂದು ದೆಹಲಿ ಸರ್ಕಾರ ಟಾಟಾ ನೆಕ್ಸಾನ್ ಇವಿ ಕಾರಿಗೆ ಸಿಗುತ್ತಿದ್ದ ಸಬ್ಸಿಡಿಯನ್ನು ತಡೆಹಿಡಿಯಿತು. ಕಾರಣ, ಕಾರು ಕೊಂಡವರಿಂದ ಬಂದ ದೂರು. ಒಂದು ಚಾರ್ಜಿಗೆ 312 ಕಿಲೋಮೀಟರ್ ಎಂದು ಹೇಳಿ ಮಾರಿದ ಕಾರು 200 ದಾಟುತ್ತಿಲ್ಲ ಎಂಬುದು ಅದರ ತಿರುಳು. ಕಂಪನಿಯ ಉತ್ತರವೂ ನೇರವಾಗಿತ್ತು. 312 ಎಂಬುದು ತಾನು ಕಟ್ಟಿದ ಅಂಕಿಯಲ್ಲ, ಪುಣೆಯ ಎಆರ್‌ಎಐ ಸಂಸ್ಥೆ ಪರೀಕ್ಷಿಸಿ ಪ್ರಮಾಣೀಕರಿಸಿದ್ದು. ರಸ್ತೆಯಲ್ಲಿ ಎಷ್ಟು ಸಿಗುತ್ತದೆ ಎನ್ನುವುದು ಓಡಿಸುವ ರೀತಿ, ಎಸಿ ಬಳಕೆ ಮುಂತಾದವನ್ನು ಅವಲಂಬಿಸಿದೆ. ಅದೇ ತಿಂಗಳು ದೆಹಲಿ ಹೈಕೋರ್ಟ್ ಸರ್ಕಾರದ ಆದೇಶಕ್ಕೆ ತಡೆ ಕೊಟ್ಟಿತು.

ಈ ಜಗಳದ ವಿಚಿತ್ರವೆಂದರೆ ಎರಡೂ ಕಡೆಯವರು ಸುಳ್ಳು ಹೇಳುತ್ತಿರಲಿಲ್ಲ. 312 ನಿಜ, 200 ಕೂಡ ನಿಜ. ಇವೆರಡರ ನಡುವಿನ ಅಂತರಕ್ಕೆ ನೂರು ವರ್ಷಕ್ಕಿಂತ ಹಳೆಯ ಇತಿಹಾಸವಿದೆ.

ಇಪ್ಪತ್ತನೆಯ ಶತಮಾನ ಶುರುವಾದಾಗ ಅಮೆರಿಕದ ನಗರಗಳಲ್ಲಿ ಎಲೆಕ್ಟ್ರಿಕ್ ಕಾರು ಅಪರೂಪದ ವಸ್ತುವಾಗಿರಲಿಲ್ಲ. ಪೆಟ್ರೋಲ್ ಕಾರನ್ನು ಕೈಯಿಂದ ಹ್ಯಾಂಡಲ್ ತಿರುಗಿಸಿ ಎಬ್ಬಿಸಬೇಕಿತ್ತು, ತೋಳು ಮುರಿಯುವ ಅಪಾಯವೂ ಇತ್ತು. ಎಲೆಕ್ಟ್ರಿಕ್ ಕಾರಿಗೆ ಸದ್ದಿಲ್ಲ, ಹೊಗೆಯಿಲ್ಲ, ಗೇರಿನ ಕಾಟವಿಲ್ಲ. ಹೆನ್ರಿ ಫೋರ್ಡ್‌ನ ಹೆಂಡತಿ ಕ್ಲಾರಾ ಫೋರ್ಡ್ ಓಡಿಸುತ್ತಿದ್ದದ್ದು ಗಂಡನ ಮಾಡೆಲ್ ಟಿ ಅಲ್ಲ, ಡೆಟ್ರಾಯ್ಟ್ ಎಲೆಕ್ಟ್ರಿಕ್ ಕಂಪನಿಯ ಕಾರು. ಆ ಕಂಪನಿ ಗಿರಾಕಿಗಳಿಗೆ ಹೇಳುತ್ತಿದ್ದ ದೂರ ಒಂದು ಚಾರ್ಜಿಗೆ 80 ಮೈಲಿ, ಅಂದರೆ ಸುಮಾರು 130 ಕಿಲೋಮೀಟರ್. ಆದರೆ ಒಂದು ಪರೀಕ್ಷಾ ಓಟದಲ್ಲಿ ಅದೇ ಕಂಪನಿಯ ಕಾರು 211.3 ಮೈಲಿ ಓಡಿತು, ಸುಮಾರು 340 ಕಿಲೋಮೀಟರ್. ಕಂಪನಿ ತಾನೇ ಹೇಳಿದ್ದಕ್ಕಿಂತ ಎರಡೂವರೆ ಪಟ್ಟು ಹೆಚ್ಚು. 2021ರ ದೆಹಲಿಗೆ ತದ್ವಿರುದ್ಧವಾದ ಪರಿಸ್ಥಿತಿ. ಇಲ್ಲಿ ಬ್ರೋಷರಿನ ಅಂಕಿಯೇ ಚಿಕ್ಕದು.

ಈ ಪರಿ ವ್ಯತ್ಯಾಸ ಏಕೆ ಎಂಬುದಕ್ಕೆ ಅರ್ಧ ಉತ್ತರವನ್ನು ಜರ್ಮನಿಯ ವಿಲ್ಹೆಲ್ಮ್ ಪ್ಯೂಕರ್ಟ್ 1897ರಲ್ಲೇ ಕೊಟ್ಟಿದ್ದ. ಸೀಸದ ಬ್ಯಾಟರಿಯಿಂದ ಕರೆಂಟನ್ನು ನಿಧಾನವಾಗಿ ಎಳೆದರೆ ಹೆಚ್ಚು ಸಿಗುತ್ತದೆ, ರಭಸವಾಗಿ ಎಳೆದರೆ ಅದೇ ಬ್ಯಾಟರಿ ಕಡಿಮೆ ಕೊಡುತ್ತದೆ. ಬಾವಿಯಿಂದ ನೀರು ಸೇದುವವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದೇ ಸಮನೆ ಸೇದಿದರೆ ಕೊಡ ಬೇಗ ತಳ ಮುಟ್ಟುತ್ತದೆ, ಬಿಟ್ಟು ಬಿಟ್ಟು ಸೇದಿದರೆ ಒರತೆ ತುಂಬಿಕೊಳ್ಳುತ್ತದೆ. ಉಳಿದರ್ಧ ಉತ್ತರ ಗಾಳಿಯದು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 70 ಕಿಲೋಮೀಟರಿನಿಂದ 100ಕ್ಕೆ ಹೋದರೆ ವೇಗ ಒಂದೂವರೆ ಪಟ್ಟೂ ಆಗುವುದಿಲ್ಲ, ಆದರೆ ಗಾಳಿಯ ತಡೆ ಎರಡು ಪಟ್ಟಾಗುತ್ತದೆ. ಡೆಟ್ರಾಯ್ಟ್ ಎಲೆಕ್ಟ್ರಿಕ್ ಓಡುತ್ತಿದ್ದದ್ದು ಗಂಟೆಗೆ 32 ಕಿಲೋಮೀಟರ್ ಆಸುಪಾಸಿನಲ್ಲಿ. ಆ ವೇಗದಲ್ಲಿ ಗಾಳಿ ಇನ್ನೂ ಶತ್ರುವಾಗಿರುವುದಿಲ್ಲ.

ಆ ಕಾಲದವರಿಗೆ ದೂರದ ಸಮಸ್ಯೆ ಕಾಣಲಿಲ್ಲ ಎಂದಲ್ಲ. ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ಊರಿನ ವಿದ್ಯುತ್ ಕಂಪನಿ 1910ರಿಂದ ಒಂದು ಚಂದದ ಏರ್ಪಾಡು ನಡೆಸಿತು. ಟ್ರಕ್ಕು ನಿಮ್ಮದು, ಬ್ಯಾಟರಿ ಕಂಪನಿಯದು. ಖಾಲಿಯಾದದ್ದನ್ನು ಕೊಟ್ಟು ತುಂಬಿದ್ದನ್ನು ಹಾಕಿಸಿಕೊಳ್ಳುವುದು, ಓಡಿದ ಮೈಲಿಗೆ ಇಷ್ಟು ಎಂದು ಹಣ ಕಟ್ಟುವುದು. ನಮ್ಮ ಗ್ಯಾಸ್ ಸಿಲಿಂಡರ್ ಲೆಕ್ಕ. 1924ರ ತನಕ ಇದು ನಡೆಯಿತು. ಅಷ್ಟರಲ್ಲಿ ಚಾರ್ಲ್ಸ್ ಕೆಟರಿಂಗ್‌ನ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿಗೆ ಬಂದು ಪೆಟ್ರೋಲ್ ಕಾರಿನ ದೊಡ್ಡ ತೊಡಕು ಕಳೆದಿತ್ತು, ಊರ ಹೊರಗಿನ ರಸ್ತೆಗಳು ಸುಧಾರಿಸುತ್ತಿದ್ದವು, ಪೆಟ್ರೋಲ್ ಅಗ್ಗವಾಗಿತ್ತು. ಎಲೆಕ್ಟ್ರಿಕ್ ಕಾರಿನ ಮೊದಲ ಯುಗ ಮುಗಿಯಿತು.

ಅದು ಮತ್ತೆ ಗಂಭೀರವಾಗಿ ಮರಳಿದ್ದು 1996ರಲ್ಲಿ, ಜನರಲ್ ಮೋಟರ್ಸ್ ಕಂಪನಿಯ ಇವಿ1 ರೂಪದಲ್ಲಿ. ಕ್ಯಾಲಿಫೋರ್ನಿಯಾ, ಅರಿಜೋನಾಗಳಲ್ಲಿ ಅದನ್ನು ಮಾರದೆ ಲೀಸ್‌ಗೆ ಕೊಡಲಾಯಿತು. ಗಾಳಿಯನ್ನು ಸೀಳಿ ಹೋಗುವುದರಲ್ಲಿ ಅದಕ್ಕೆ ಸಾಟಿಯಾದ ಕಾರು ಆಗ ಮಾರುಕಟ್ಟೆಯಲ್ಲಿ ಇರಲಿಲ್ಲ. ಆದರೂ ಒಳಗಿದ್ದದ್ದು ಹಳೆಯ ಸೀಸದ ಬ್ಯಾಟರಿಯೇ. ದಾರಿಯಲ್ಲಿ ನಿಂತುಬಿಟ್ಟರೆ ಎಂಬ ಆತಂಕಕ್ಕೆ ‘ರೇಂಜ್ ಆ್ಯಂಗ್ಸೈಟಿ’ ಎಂಬ ಹೆಸರು ಅಚ್ಚಾದದ್ದು 1997ರಲ್ಲಿ, ಸ್ಯಾನ್ ಡಿಯಾಗೋದ ಒಂದು ವ್ಯಾಪಾರ ಪತ್ರಿಕೆಯಲ್ಲಿ, ಈ ಕಾರಿನ ಚಾಲಕರ ಬಗ್ಗೆ ಬರೆಯುವಾಗ.

ಕನ್ನಡದಲ್ಲಿ ಈ ರೇಂಜಿಗೆ ಒಂದು ಮಾತು ಇನ್ನೂ ನೆಲೆ ನಿಂತಿಲ್ಲ. ವ್ಯಾಪ್ತಿ ಎಂದರೆ ಪೊಲೀಸ್ ಠಾಣೆಯ ನೆನಪಾಗುತ್ತದೆ. ಜನ ಕೇಳುವುದು ‘ಎಷ್ಟು ಮೈಲೇಜ್ ಕೊಡುತ್ತೆ?’ ಎಂದೇ. ಆ ‘ಕೊಡುತ್ತೆ’ ಗಮನಿಸಬೇಕಾದ ಕ್ರಿಯಾಪದ. ಕೊಡುವುದು ಕಾರು, ಪಡೆಯುವುದು ನಾವು. ಹಸು ಎಷ್ಟು ಹಾಲು ಕೊಡುತ್ತದೆ ಎಂದು ಕೇಳಿದ ಹಾಗೆ, ದೂರ ಎಂಬುದು ಕಾರಿನ ಗುಣ ಎಂದು ಭಾಷೆಯೇ ಒಪ್ಪಿಕೊಂಡುಬಿಟ್ಟಿದೆ.

ಇದಕ್ಕೆ ಬೇರೆಯದೇ ಉತ್ತರ ಹುಡುಕಿದ ಕಾರು ಹುಟ್ಟಿದ್ದು ಬೆಂಗಳೂರಿನಲ್ಲಿ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸೌರಶಕ್ತಿಯ ಕಾರಿನ ತಂಡದಲ್ಲಿದ್ದ ಚೇತನ್ ಮೈನಿ, ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿಯ ಜೊತೆಗೂಡಿ ಮೈನಿ ಕುಟುಂಬ ಶುರುಮಾಡಿದ ರೇವಾ ಕಾರನ್ನು ರೂಪಿಸಿದರು. 2001ರಲ್ಲಿ ಅದು ರಸ್ತೆಗಿಳಿಯಿತು. ಒಂದು ಚಾರ್ಜಿಗೆ 80 ಕಿಲೋಮೀಟರ್ ಎಂಬುದು ಅದರ ಮಾತು. ಕೆಲವು ವರ್ಷಗಳ ಬಳಿಕ ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲೂ ಓಡಾಡಿತು. ರೇವಾವನ್ನು ಆಟಿಕೆ ಎಂದು ನಕ್ಕವರು ಬಹಳ. ಆದರೆ ಅದರ ಹಿಂದಿನ ಲೆಕ್ಕಾಚಾರ ಆಟಿಕೆಯದಾಗಿರಲಿಲ್ಲ. ಊರೊಳಗೆ ದಿನಕ್ಕೆ ಯಾರೂ 80 ಕಿಲೋಮೀಟರ್ ಓಡಾಡುವುದಿಲ್ಲ. ಹಾಗಿದ್ದ ಮೇಲೆ ದೊಡ್ಡ ಬ್ಯಾಟರಿಯ ಭಾರವನ್ನು ದಿನವೂ ಹೊತ್ತು ತಿರುಗುವುದೇಕೆ?

ಭಯ ಮಾತ್ರ ಉಳಿಯಿತು. ಅದಕ್ಕೆ ರೇವಾದವರು 2009ರ ಫ್ರಾಂಕ್‌ಫರ್ಟ್ ಕಾರ್ ಪ್ರದರ್ಶನದಲ್ಲಿ ಒಂದು ಉಪಾಯ ಮುಂದಿಟ್ಟರು. ಬ್ಯಾಟರಿಯಲ್ಲಿ ಸ್ವಲ್ಪ ಚಾರ್ಜನ್ನು ಕಾರು ಬಚ್ಚಿಟ್ಟುಕೊಂಡಿರುತ್ತದೆ. ಚಾಲಕ ದಾರಿಯಲ್ಲಿ ಸಿಕ್ಕಿಬಿದ್ದರೆ ಒಂದು ಫೋನ್ ಅಥವಾ ಎಸ್ಎಂಎಸ್ ಮಾಡಿದರಾಯಿತು, ಕಂಪನಿಯ ಕೇಂದ್ರ ದೂರದಿಂದಲೇ ಆ ಗಂಟನ್ನು ಬಿಚ್ಚುತ್ತದೆ. ರಿವೈವ್ ಎಂದು ಅದರ ಹೆಸರು. ಹಳೆಯ ಬಜಾಜ್ ಸ್ಕೂಟರಿನಲ್ಲಿ ‘ರಿಸರ್ವ್‌ಗೆ ಬಂತು’ ಎಂದು ಕೈಯಿಂದ ನಾಬ್ ತಿರುಗಿಸುತ್ತಿದ್ದವರಿಗೆ ಇದು ಹೊಸದೇನಲ್ಲ, ನಾಬ್ ಈಗ ಕಂಪನಿಯ ಕೈಗೆ ಹೋಗಿತ್ತು ಅಷ್ಟೆ. 2010ರಲ್ಲಿ ಮಹೀಂದ್ರಾ ರೇವಾವನ್ನು ಕೊಂಡಿತು, 2013ರಲ್ಲಿ ಬಂದ ಇ2ಒ ಕಾರಿನಲ್ಲೂ ರಿವೈವ್ ಇತ್ತು. ಇದರಿಂದ ಕಾರು ಒಂದು ಮೀಟರ್ ಕೂಡ ಹೆಚ್ಚು ಓಡುವುದಿಲ್ಲ ಎಂಬುದು ನಿಜ. ಆದರೆ ಆತಂಕವೇ ಸಮಸ್ಯೆಯಾದಾಗ ಆತಂಕಕ್ಕೇ ಮದ್ದು ಹುಡುಕಿದ್ದು ಜಾಣತನವೇ.

ಈಗ 312ಕ್ಕೆ ಮರಳಬಹುದು. ಭಾರತದಲ್ಲಿ ಕಾರುಗಳನ್ನು ಪರೀಕ್ಷಿಸುವ ಕ್ರಮಕ್ಕೆ ಎಂಐಡಿಸಿ ಎಂದು ಹೆಸರು, ಪರಿಷ್ಕೃತ ಭಾರತೀಯ ಚಾಲನಾ ಚಕ್ರ. ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ಕಾರು ನಿಲ್ಲಿಸಿ, ಎಸಿ ಹಾಕದೆ, ನಿಗದಿಯಾದ ವೇಗಪಟ್ಟಿಯಂತೆ ಓಡಿಸುತ್ತಾರೆ. ಮೊದಲ ಭಾಗ ಊರೊಳಗಿನದು. ಅಲ್ಲಿ ವೇಗ 50 ದಾಟುವುದಿಲ್ಲ. ಎರಡನೆಯದು ಊರ ಹೊರಗಿನದು, ಅಲ್ಲೂ 90ಕ್ಕೆ ಮಿತಿ. ಇದರ ಮೂಲ ಯುರೋಪಿನ ಪರೀಕ್ಷೆ. ಆ ಪರೀಕ್ಷೆಯ ಊರೊಳಗಿನ ಭಾಗ 1970ರಷ್ಟು ಹಳೆಯದು, ಹುಟ್ಟಿದ್ದು ಕಾರಿನ ಹೊಗೆ ಅಳೆಯಲು. ಹೊಗೆಯ ಕೊಳವೆಯೇ ಇಲ್ಲದ ಕಾರಿನ ದೂರವನ್ನು ಹೊಗೆ ಅಳೆಯಲು ಮಾಡಿದ ಗಜಕಡ್ಡಿಯಿಂದ ಅಳೆಯುತ್ತಿದ್ದೇವೆ. ಯುರೋಪ್ ಅದನ್ನು ಬಿಟ್ಟು 2017ರಿಂದ ಹೆಚ್ಚು ಕಠಿಣವಾದ ಡಬ್ಲ್ಯುಎಲ್‌ಟಿಪಿ ಪರೀಕ್ಷೆಗೆ ಹೋಯಿತು. ಅಮೆರಿಕದಲ್ಲಿ ಪ್ರಯೋಗಾಲಯದ ಫಲಿತಾಂಶವನ್ನು ಸಾಮಾನ್ಯವಾಗಿ ಶೇಕಡ 30ರಷ್ಟು ತಗ್ಗಿಸಿಯೇ ಸ್ಟಿಕರ್ ಮೇಲೆ ಅಚ್ಚು ಹಾಕುತ್ತಾರೆ. ನಮ್ಮಲ್ಲಿ ಬಹುಕಾಲ ಮೊದಲ ಭಾಗದ ಅಂಕಿಯೊಂದನ್ನೇ ಮುಂದಿಡಲು ಅವಕಾಶವಿತ್ತು. 2024ರಲ್ಲಿ ಎರಡೂ ಭಾಗ ಸೇರಿದ ಅಂಕಿ ಬಂದಾಗ ಟಾಟಾ ಪಂಚ್ ಇವಿಯ ದೊಡ್ಡ ಬ್ಯಾಟರಿಯ ಮಾದರಿ 421 ಕಿಲೋಮೀಟರಿನಿಂದ 365ಕ್ಕೆ ಇಳಿಯಿತು. ಬದಲಾದದ್ದು ಕಾರಲ್ಲ, ಗಜಕಡ್ಡಿ.

ಆದರೆ ಪೆಟ್ರೋಲ್ ಕಾರಿನ ಮೈಲೇಜೂ ಬ್ರೋಷರಿನಷ್ಟು ಬರುವುದಿಲ್ಲವಲ್ಲ, ಅದಕ್ಕೇಕೆ ಯಾರೂ ಸಬ್ಸಿಡಿ ನಿಲ್ಲಿಸಿ ಎನ್ನಲಿಲ್ಲ? ಬಂಕ್ ಹತ್ತಿರವೇ ಇದೆ ಎನ್ನುವುದು ಒಂದು ಕಾರಣ. ಇನ್ನೊಂದು ಸ್ವಾರಸ್ಯದ್ದು. ಆ ನೆಕ್ಸಾನ್‌ನ ಬ್ಯಾಟರಿ 30.2 ಯೂನಿಟ್‌ನದು. ಶಕ್ತಿಯ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಮೂರೂವರೆ ಲೀಟರ್ ಪೆಟ್ರೋಲ್. ಅಷ್ಟರಲ್ಲಿ 200 ಕಿಲೋಮೀಟರ್ ಹೋಗುವ ಕಾರು ಎಷ್ಟು ಮಿತವ್ಯಯಿ ಎಂದು ಬೆರಗಾಗಬೇಕು. ಪೆಟ್ರೋಲ್ ಎಂಜಿನ್ ತನಗೆ ಸಿಕ್ಕಿದ್ದರ ಬಹುಪಾಲನ್ನು ಬಿಸಿಯಾಗಿ ಚೆಲ್ಲುತ್ತದೆ. ಆ ದುಂದಿನ ನಡುವೆ ಎಸಿ, ಗಾಳಿ, ಏರು ತಿಂದದ್ದು ಕಾಣುವುದೇ ಇಲ್ಲ. ಲೆಕ್ಕ ಬರೆದಿಟ್ಟು ಸಂಸಾರ ಮಾಡುವ ಮನೆಯಲ್ಲಿ ಹತ್ತು ರೂಪಾಯಿ ಹೆಚ್ಚು ಖರ್ಚಾದರೂ ಗೊತ್ತಾಗುತ್ತದೆ. ಎಲೆಕ್ಟ್ರಿಕ್ ಕಾರು ಅಂಥ ಮನೆ.

ಹಾಗಾಗಿ ಅದನ್ನು ಓಡಿಸುವವರು ಕಿಲೋಮೀಟರಿನ ಬದಲು ಯೂನಿಟ್ ಲೆಕ್ಕ ಹಿಡಿಯುವುದು ವಾಸಿ. 312 ಎಂದರೆ ಯೂನಿಟ್ಟಿಗೆ ಹತ್ತಕ್ಕಿಂತ ತುಸು ಹೆಚ್ಚು ಕಿಲೋಮೀಟರ್, 200 ಎಂದರೆ ಆರೂವರೆ. ಚೆನ್ನೈನ ಬೇಸಿಗೆಯಲ್ಲಿ ಎಸಿ ಗಂಟೆಗೆ ಒಂದು ಯೂನಿಟ್ ತಿನ್ನುತ್ತದೆ ಎಂದುಕೊಳ್ಳೋಣ. ಗಂಟೆಗೆ 60ರಲ್ಲಿ ಹೋಗುವಾಗ ಆ ಒಂದು ಯೂನಿಟ್ 60 ಕಿಲೋಮೀಟರಿಗೆ ಹಂಚಿಹೋಗುತ್ತದೆ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುತ್ತ ಗಂಟೆಗೆ 15ರಲ್ಲಿ ಹೋದರೆ 15ಕ್ಕೇ ಬೀಳುತ್ತದೆ, ನಾಲ್ಕು ಪಟ್ಟು ಭಾರ. ದೆಹಲಿಯ ಜನವರಿಯಲ್ಲಿ ಹೀಟರ್ ಕತೆಯೂ ಇದೇ. ಪೆಟ್ರೋಲ್ ಕಾರಿಗೆ ಬಿಸಿ ಪುಕ್ಕಟೆ, ಇಲ್ಲಿ ಅದನ್ನೂ ಬ್ಯಾಟರಿಯಿಂದ ಕೊಳ್ಳಬೇಕು. ಚಾರ್ಜಿಗೆ ಹಾಕಿರುವಾಗಲೇ ಕಾರನ್ನು ತಂಪು ಅಥವಾ ಬೆಚ್ಚಗೆ ಮಾಡಿಕೊಂಡು ಹೊರಟರೆ ಆ ಖರ್ಚು ಮನೆಯ ಮೀಟರಿಗೆ ಹೋಗುತ್ತದೆ. ಹೆದ್ದಾರಿಯಲ್ಲಿ 100ರ ಬದಲು 80ರಲ್ಲಿ ಹೋಗುವುದಕ್ಕಿಂತ ದೊಡ್ಡ ಉಳಿತಾಯ ಮತ್ತೊಂದಿಲ್ಲ.

ಮುಂಬೈ ಪುಣೆ ದಾರಿಯ ಘಾಟಿ ಈ ಲೆಕ್ಕಕ್ಕೆ ಒಳ್ಳೆಯ ಪಾಠಶಾಲೆ. ಖೋಪೋಲಿಯಿಂದ ಖಂಡಾಲದ ತನಕ ರಸ್ತೆ ಸುಮಾರು 500 ಮೀಟರ್ ಏರುತ್ತದೆ. ಜನ, ಸಾಮಾನು ಸೇರಿ 1,600 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ 2.2 ಯೂನಿಟ್ ಬೇಕು. ಸಪಾಟು ರಸ್ತೆಯಲ್ಲಿ ಅದು ಹದಿನೈದು ಕಿಲೋಮೀಟರ್. ಪುಣೆಗೆ ಮೊದಲ ಸಲ ಹೊರಟವರು ಪರದೆಯ ಮೇಲಿನ ಅಂಕಿ ಧಡಧಡ ಇಳಿಯುವುದನ್ನು ಕಂಡು ಗಾಬರಿಯಾಗುವುದು ಇಲ್ಲೇ. ವಾಪಸ್ ಬರುವಾಗ ಮೋಟರ್ ತಿರುಗಿ ಜನರೇಟರ್ ಆಗಿ, ಕೊಟ್ಟದ್ದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಪ್ಯಾರಿಸ್ಸಿನಲ್ಲಿ ಲೂಯಿ ಕ್ರೀಗರ್ ಕುದುರೆಗಾಡಿಗಳಿಗೆ ಮೋಟರ್ ಕೂರಿಸಿ 1890ರ ದಶಕದಲ್ಲೇ ಮಾಡಿದ್ದ ಕೆಲಸ ಇದು. ಒಂದು ಎಚ್ಚರಿಕೆ ಮಾತ್ರ ಬೇಕು. ಲೋಣಾವಳದಲ್ಲಿ ಚಹಾ ಕುಡಿಯುತ್ತ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಘಾಟಿ ಇಳಿಯಲು ಹೊರಟರೆ, ಇಳಿಜಾರು ಕೊಡುವುದನ್ನು ತುಂಬಿಕೊಳ್ಳಲು ಬ್ಯಾಟರಿಯಲ್ಲಿ ಜಾಗವೇ ಇರುವುದಿಲ್ಲ.