ಪಟ್ಟಣದಲ್ಲಿ ಬೀಡಿ-ಸಿಗರೇಟು ಸೇದೋರ ಲೆಕ್ಕ: ಸಮೀಕ್ಷೆಗೆ ದುಡ್ಡು ಯಾರದ್ದು, ನಮಗೇನು ಸಂಬಂಧ?

ಬಿಡಿ ಸಿಗರೇಟು ಮಾರಬಾರದು, 21 ತುಂಬದವರಿಗೆ ಕೊಡಬಾರದು, ಬೀಡಿಗೆ ಒಂದು ತೆರಿಗೆ, ಸಿಗರೇಟಿಗೆ ಇನ್ನೊಂದು. ಇಂಥ ನಿಯಮ ಬಂದಾಗೆಲ್ಲ ‘ಯಾವ ಲೆಕ್ಕದ ಮೇಲೆ ಮಾಡ್ತಾರಪ್ಪ?’ ಅಂತ ಅಂಗಡಿಯವರು ಕೇಳ್ತಾರೆ. ತಂಬಾಕಿನ ಅಂಕಿ-ಅಂಶ ಮುಖ್ಯವಾಗಿ ಮನೆಮನೆ ಸಮೀಕ್ಷೆಗಳಿಂದ ಬರುತ್ತದೆ. ಆ ಲೆಕ್ಕವನ್ನು ಎಷ್ಟು ನಂಬಬೇಕು ಅಂತ ತಿಳಿಯಲು ಅದಕ್ಕೆ ದುಡ್ಡು ಹಾಕಿದವರು ಯಾರು ಅಂತಲೂ ನೋಡಬೇಕು.

ಗ್ಯಾಟ್ಸ್ ಅಂದರೇನು?
ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಚಿಕ್ಕ ಹೆಸರು ಗ್ಯಾಟ್ಸ್. ಭಾರತದಲ್ಲಿ ಮೊದಲ ಸುತ್ತು 2009-10ರಲ್ಲಿ, ಎರಡನೆಯದು 2016-17ರಲ್ಲಿ ನಡೆಯಿತು. ಎರಡನೇ ಸುತ್ತನ್ನು ಕೇಂದ್ರ ಆರೋಗ್ಯ ಸಚಿವಾಲಯದ ಪರವಾಗಿ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ನಡೆಸಿತು. 15 ದಾಟಿದ 74,037 ಮಂದಿಯನ್ನು ಮಾತಾಡಿಸಲಾಯಿತು. ಜಗತ್ತಿನ ಮಟ್ಟದಲ್ಲಿ ಈ ಸಮೀಕ್ಷೆಗೆ ಬ್ಲೂಮ್‌ಬರ್ಗ್ ದತ್ತಿ ಸಂಸ್ಥೆಯ ಹಣದ ನೆರವಿದೆ.

ಅಂಕಿ ಏನು ಹೇಳುತ್ತೆ?
ದೇಶದಲ್ಲಿ ಸೇದುವವರು ಶೇ 10.7. ಹಳ್ಳಿಯಲ್ಲಿ ಶೇ 11.9, ನಗರ-ಪಟ್ಟಣಗಳಲ್ಲಿ ಶೇ 8.3. ಬೀಡಿ ಸೇದುವವರು ಶೇ 7.7, ಸಿಗರೇಟು ಶೇ 4. ಕರ್ನಾಟಕದಲ್ಲಿ ಸೇದುವವರು ಶೇ 8.8, ಅಗಿಯುವುದೂ ಸೇರಿ ಒಟ್ಟು ತಂಬಾಕು ಬಳಸುವವರು ಶೇ 22.8.

ಬಡವರ ಬೀಡಿ
ಓದು, ಕೆಲಸ, ಮನೆಯ ಸ್ಥಿತಿಗತಿಯನ್ನೂ ಗ್ಯಾಟ್ಸ್ ಕೇಳುತ್ತದೆ. ಓದು ಕಡಿಮೆ ಇದ್ದವರಲ್ಲಿ ಬೀಡಿ ಜಾಸ್ತಿ. ಬೀಡಿ ಅಗ್ಗ, ಕಾಯಿಲೆ ಅಗ್ಗವಲ್ಲ. ದುಡಿಯೋನು ಮಲಗಿದರೆ ಕೂಲಿಯೂ ಹೋಯ್ತು, ಆಸ್ಪತ್ರೆಗೆ ಸಾಲವೂ ಆಯ್ತು. ಹಾಗಿದ್ದೂ 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟಿನ ದರವನ್ನು ಶೇ 28ರಿಂದ 40ಕ್ಕೆ ಏರಿಸಲು, ಬೀಡಿಯದ್ದನ್ನು ಶೇ 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಬೀಡಿ ಕಟ್ಟಿ ಬದುಕುವವರೂ ಬಡವರೇ, ಸೇದಿ ಕೆಮ್ಮುವವರೂ ಬಡವರೇ. ಯಾರಿಗೆ ಎಷ್ಟು ಲಾಭ, ಎಷ್ಟು ನಷ್ಟ ಅಂತ ಅಳೆಯಲು ಹೊಸ ಲೆಕ್ಕವೇ ಬೇಕು.

ಕಂಪನಿ ದುಡ್ಡಾದರೆ?
ಅಮೆರಿಕದ ಸಿಗರೇಟು ಕಂಪನಿಗಳು 1954ರಲ್ಲಿ ತಮ್ಮದೇ ಸಂಶೋಧನಾ ಸಮಿತಿ ಕಟ್ಟಿ, ಕ್ಯಾನ್ಸರ್ ಸಂಬಂಧದ ಬಗ್ಗೆ ವರ್ಷಗಟ್ಟಲೆ ಅನುಮಾನ ಹರಡಿದವು. 2017ರಲ್ಲಿ ಫಿಲಿಪ್ ಮೋರಿಸ್ ಕಂಪನಿ ವರ್ಷಕ್ಕೆ 8 ಕೋಟಿ ಡಾಲರ್‌ನಂತೆ 12 ವರ್ಷ ಕೊಡುತ್ತೇನೆಂದು ಒಂದು ಪ್ರತಿಷ್ಠಾನಕ್ಕೆ ಮಾತು ಕೊಟ್ಟಿತು. ಅದರ ಜತೆ ಕೈಜೋಡಿಸುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಮಾರುವವನೇ ತಕ್ಕಡಿ ಹಿಡಿದರೆ ತೂಕ ನಂಬೋದು ಕಷ್ಟ.

ನಮ್ಮ ತಾಲ್ಲೂಕಿನ ಲೆಕ್ಕ ಎಲ್ಲಿ?
ಗ್ಯಾಟ್ಸ್ ರಾಜ್ಯದ ಮಟ್ಟಕ್ಕೇ ನಿಲ್ಲುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಜಿಲ್ಲಾವಾರು ಅಂಕಿ ಇದೆ. ಆದರೆ ಆ ಜಿಲ್ಲಾ ಪಟ್ಟಿಯಲ್ಲಿ ಬೀಡಿ, ಸಿಗರೇಟು, ಗುಟ್ಕಾ ಎಲ್ಲ ಒಂದೇ ಸಾಲಿನಲ್ಲಿ. ಬಸ್‌ಸ್ಟ್ಯಾಂಡ್ ಹತ್ತಿರ ಯಾರು ಏನು ಸೇದ್ತಾರೆ, ಕಾಲೇಜು ಹುಡುಗರು ಎಷ್ಟು ಜನ ಅಂತ ಇದರಿಂದ ತಿಳಿಯಲ್ಲ. ಮೇಲಾಗಿ ಗ್ಯಾಟ್ಸ್ ಎರಡನೇ ಸುತ್ತು ಜಿಎಸ್‌ಟಿ ಬರೋಕೆ ಮೊದಲಿನದು, ಕೋವಿಡ್‌ಗೂ ಮೊದಲಿನದು. ಪಟ್ಟಣದ ಮಟ್ಟದ ಸಮೀಕ್ಷೆಗೆ ಸರ್ಕಾರವೇ ಹಣ ಇಟ್ಟರೆ ದಂಡ, ತೆರಿಗೆ, ವ್ಯಸನ ಬಿಡಿಸುವ ಕೇಂದ್ರ ಎಲ್ಲಿ ಬೇಕೋ ಅಲ್ಲಿಗೆ ಮುಟ್ಟುತ್ತವೆ.

ಅಂಗಡಿಯವರ ಗಮನಕ್ಕೆ
2025ರ ಮೇ ಕೊನೆಯಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆಯಂತೆ:
• 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ.
• ಶಾಲೆ-ಕಾಲೇಜಿನ 100 ಮೀಟರ್ ಒಳಗೆ ಮಾರುವಂತಿಲ್ಲ.
• ಬಿಡಿಯಾಗಿ, ಒಂದೊಂದೇ ಮಾರುವಂತಿಲ್ಲ.
• ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 1,000 ರೂ.ವರೆಗೆ. ಮೊದಲು 200 ಇತ್ತು.

ಬಿಡಬೇಕು ಅನ್ನೋರಿಗೆ ರಾಷ್ಟ್ರೀಯ ಉಚಿತ ಸಹಾಯವಾಣಿ: 1800-11-2356.